ರೆಕ್ಕೆಯ ಹತ್ತನೇ ತೂತು

ಹೋದ ನವರಾತ್ರಿಯಲ್ಲಿ ನಾದಿನಿ ಗೊಂಬೆ ಕೂರಿಸುವ ಮೆಟ್ಟಿಲಿಗೆ ಒಂದು ಹಲಗೆ ಕುಯ್ಯಿಸಿಕೊಂಡು ಬರಲು ಚಾಮರಾಜಪೇಟೆಗೆ ಹೋಗಿದ್ದೆ. ಬಡಗಿ ಊಟಕ್ಕೆ ಹೋಗಿದ್ದ. ‘ಹತ್ತು ನಿಮಿಷ ಮೇಡಂ’ ಅಂದರು ಪಕ್ಕದ ಅಂಗಡಿಯವರು. ಬೆಂಗಳೂರಿನ ಹತ್ತು ನಿಮಿಷ ಎಷ್ಟು ಹೊತ್ತು ಎಂಬುದು ಎಲ್ಲರಿಗೂ ಗೊತ್ತು. ಒಂದು ಕಡೆ ನಿಂತು ಕಾಯುವ ಸ್ವಭಾವ ನನ್ನದಲ್ಲ. ಗೊಣಗಿಕೊಂಡು ಅಡ್ಡರಸ್ತೆಗಳಲ್ಲಿ ಸುತ್ತು ಹಾಕತೊಡಗಿದೆ. ಅರ್ಧ ಎತ್ತಿದ್ದ ಯಾವುದೋ ಶಟರಿನ ಕೆಳಗಿನಿಂದ ಆ ವಾಸನೆ ಬಂತು. ಉಕ್ಕು ಕಡೆಯುವ ಲೇತಿನ ಮೇಲೆ ಸುರಿಯುವ ಹಾಲಿನಂಥ ಎಣ್ಣೆನೀರಿನ ವಾಸನೆ, ಜೊತೆಗೆ ಸಾಂಬ್ರಾಣಿ ಹೊಗೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಹಳೆಯ ನಾಚಿಕೆಯೊಂದು ಎದ್ದು ಕೂತಿತು. ವಯಸ್ಸು ಐವತ್ತರ ಹತ್ತಿರ ಬಂದರೂ ಕೆಲವು ನಾಚಿಕೆಗಳಿಗೆ ವಯಸ್ಸಾಗುವುದಿಲ್ಲ ನೋಡಿ.

ಹದಿನೈದು ವರ್ಷದ ಹಿಂದೆ, ಶ್ರಾವಣದಿಂದ ದಸರೆಯವರೆಗೆ, ಇದೇ ಚಾಮರಾಜಪೇಟೆಯ ಒಂದು ವರ್ಕ್‌ಶಾಪಿಗೆ ನಾನು ದಿನಾ ಬೆಳಿಗ್ಗೆ ಐದೂವರೆಗೆ ಬಂದು ಕೂರುತ್ತಿದ್ದೆ. ಆಗ ನಾನು ಊರಾಚೆಯ ಒಂದು ಪ್ರಯೋಗಾಲಯದಲ್ಲಿ ಎಂಜಿನಿಯರ್. ನಮ್ಮಲ್ಲಿ ಗಾಳಿಸುರಂಗ ಇತ್ತು. ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಗಂಟೆಗಟ್ಟಲೆ ಗಾಳಿ ತುಂಬಿಸಿ, ಅರ್ಧ ನಿಮಿಷದಲ್ಲಿ ಅದನ್ನೆಲ್ಲ ಒಂದು ಕಬ್ಬಿಣದ ಕೊಳವೆಯೊಳಗೆ ಬಿಟ್ಟುಬಿಡುವುದು. ಆ ಕೊಳವೆಯ ನಡುವೆ ವಿಮಾನದ ರೆಕ್ಕೆಯ ಸಣ್ಣ ಮಾದರಿಯನ್ನು ಕೂರಿಸಿರುವುದು. ವಿಮಾನ ನಿಂತಲ್ಲೇ ನಿಂತು, ಆಕಾಶವೇ ಅದರ ಮೇಲೆ ಓಡಿ ಹೋದ ಹಾಗೆ. ಆ ಮಾದರಿಗಳನ್ನು ಉಕ್ಕಿನಲ್ಲಿ ಕೊರೆದು ಕೊಡುತ್ತಿದ್ದದ್ದು ಈ ವರ್ಕ್‌ಶಾಪು. ಪೇಟೆಯಲ್ಲಿ ತಲೆಮಾರುಗಳಿಂದ ಹಿತ್ತಾಳೆ ಪಾತ್ರೆ ಮಾರುತ್ತಿದ್ದ ಮನೆತನದವರೊಬ್ಬರು ಅದರ ಯಜಮಾನರು. ಆದರೆ ಲ್ಯಾಬಿನಲ್ಲಿ ಯಾರೂ ಯಜಮಾನರ ಹೆಸರು ಹೇಳುತ್ತಿರಲಿಲ್ಲ, ‘ರುದ್ರಪ್ಪನ ಶಾಪು’ ಅಂತಲೇ ಅನ್ನುತ್ತಿದ್ದರು.

ರುದ್ರಪ್ಪನವರು ಅಲ್ಲಿಯ ಮೇಸ್ತ್ರಿ. ಅರವತ್ತು ದಾಟಿದವರು, ಕಡ್ಡಿಯಂಥ ಆಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಸೀಮೆಸುಣ್ಣ ಮತ್ತು ಒಂದು ಸಣ್ಣ ಭೂತಗನ್ನಡಿ. ‘ಈ ದೀಪಾವಳಿಗೆ ಕೆಲಸ ಸಾಕು ಅಂತ ಕಣ್ಣು ಹೇಳ್ತಾ ಇದೆ ಕಣಮ್ಮ’ ಎಂದು ಮೊದಲ ದಿನವೇ ಹೇಳಿದ್ದರು. ಅಂದರೆ ನನ್ನ ರೆಕ್ಕೆಯೇ ಅವರ ಕೊನೆಯ ರೆಕ್ಕೆ.

ನನ್ನ ರೆಕ್ಕೆ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಲೇಬೇಕು. ವಿಮಾನ ಶಬ್ದದ ವೇಗಕ್ಕೆ ಹತ್ತಿರ ಬಂದಾಗ ಒಂದು ವಿಚಿತ್ರ ಆಗುತ್ತದೆ. ವಿಮಾನ ಇನ್ನೂ ಆ ವೇಗ ಮುಟ್ಟಿರುವುದಿಲ್ಲ, ಆದರೆ ರೆಕ್ಕೆಯ ಉಬ್ಬಿದ ಬೆನ್ನಿನ ಮೇಲೆ ಹರಿಯುವ ಗಾಳಿ ಆಗಲೇ ಶಬ್ದವನ್ನು ದಾಟಿ ಓಡುತ್ತಿರುತ್ತದೆ. ಹಾಗೆ ಓಡಿದ ಗಾಳಿ ಮತ್ತೆ ನಿಧಾನವಾಗಬೇಕಲ್ಲ? ಅದು ಮೆಲ್ಲಗೆ ಆಗುವುದಿಲ್ಲ, ಒಂದೇ ಗೆರೆಯಲ್ಲಿ ತಟಕ್ಕನೆ ಆಗಿಬಿಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಆಘಾತ ತರಂಗ ಅನ್ನುತ್ತಾರೆ, ಲ್ಯಾಬಿನಲ್ಲಿ ಶಾಕ್ ಅನ್ನುತ್ತಿದ್ದೆವು. ಅದು ಬಲವಾದಷ್ಟೂ ವಿಮಾನ ನಡುಗುತ್ತದೆ, ಎಂಜಿನ್ ಎಷ್ಟು ನೂಕಿದರೂ ಮುಂದೆ ಹೋಗಲು ಒಲ್ಲೆ ಅನ್ನುತ್ತದೆ. ನಾನು ಮೂರು ವರ್ಷ ಕೂತು, ಬೆನ್ನು ಚಪ್ಪಟೆ ಮಾಡಿ, ಹಿಂದಂಚಿನ ಬಾಲದ ಹತ್ತಿರ ಹೊಟ್ಟೆಯನ್ನು ತುಸು ಒಳಕ್ಕೆಳೆದು, ಒಂದು ರೆಕ್ಕೆಯ ಆಕಾರ ಬರೆದಿದ್ದೆ. ಹಳೆಯ ರೆಕ್ಕೆಯಲ್ಲಿ ಶಾಕ್ ನಡುಬೆನ್ನಿನಲ್ಲೇ ಏಳುತ್ತಿತ್ತು. ನನ್ನದರಲ್ಲಿ ಅದು ತುಂಬ ಹಿಂದಕ್ಕೆ ಸರಿಯಬೇಕು, ತೆಳ್ಳಗಾಗಬೇಕು. ಕಂಪ್ಯೂಟರು ಆಗುತ್ತದೆ ಎನ್ನುತ್ತಿತ್ತು. ಗಾಳಿ ಏನನ್ನುತ್ತದೋ ಯಾರಿಗೆ ಗೊತ್ತು.

ಗಾಳಿಯನ್ನು ಕೇಳಲು ರೆಕ್ಕೆಯ ಬೆನ್ನಿನ ಮೇಲೆ ಮುಂದಂಚಿನಿಂದ ಬಾಲದವರೆಗೆ ಸಾಲಾಗಿ ಮೂವತ್ತು ತೂತು. ಒಂದೊಂದೂ ಸೂಜಿಮೊನೆಯಷ್ಟು. ಪ್ರತಿ ತೂತಿನ ಅಡಿಗೂ ಒಂದು ಸಣ್ಣ ನಳಿಗೆ, ಆ ನಳಿಗೆಯ ಇನ್ನೊಂದು ತುದಿ ಒತ್ತಡ ಅಳೆಯುವ ಯಂತ್ರಕ್ಕೆ. ಯಾವ ತೂತಿನ ಮೇಲೆ ಒತ್ತಡ ಇದ್ದಕ್ಕಿದ್ದಂತೆ ಏರಿತೋ ಅಲ್ಲಿ ಶಾಕ್ ನಿಂತಿದೆ ಎಂದು ಲೆಕ್ಕ. ತೂತಿನ ಅಂಚು ಕೂದಲೆಳೆಯಷ್ಟು ಎದ್ದಿದ್ದರೂ ಗಾಳಿ ಎಡವುತ್ತದೆ, ಯಂತ್ರ ಸುಳ್ಳು ಹೇಳುತ್ತದೆ. ಹೊರಗೆ ಬಸ್ಸುಗಳು ಓಡತೊಡಗಿದರೆ ನೆಲ ಅದುರುತ್ತಿತ್ತು, ಅದಕ್ಕೇ ರುದ್ರಪ್ಪನವರು ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಮಾತ್ರ ತೂತು ಕೊರೆಯುವುದು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ನಾನು ಶಂಕರಪುರಂನಲ್ಲಿ ಸಾವಿತ್ರಮ್ಮ ಎಂಬ ನಿವೃತ್ತ ಟೀಚರಮ್ಮನ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೇ ಇದಕ್ಕಾಗಿ, ನಡೆದುಕೊಂಡು ಬರಬಹುದು ಅಂತ. ‘ಬೆಳಗಾನೆ ಎದ್ದು ಹಾಲಿನವನ ಹಾಗೆ ಓಡ್ತೀಯಲ್ಲೇ, ಆ ತೂತಿನಲ್ಲಿ ಅಂಥದ್ದೇನಿದೆ?’ ಎಂದು ಆಕೆ ದಿನಾ ಕೇಳುತ್ತಿದ್ದರು.

ಕೊರೆದ ಮೇಲೆ ‘ಉಸಿರು ನೋಡುವುದು’ ಅಂತ ಒಂದು ಕ್ರಮ. ಅದು ರುದ್ರಪ್ಪನವರದ್ದೇ, ಬೇರೆಲ್ಲೂ ನಾನು ಕಂಡಿಲ್ಲ. ಅವರು ನಳಿಗೆಯ ತುದಿಯನ್ನು ತುಟಿಗಿಟ್ಟುಕೊಂಡು ಮೆಲ್ಲಗೆ ಊದುವುದು, ನಾನು ರೆಕ್ಕೆಯ ಮೇಲೆ ಬಗ್ಗಿ ಕೆನ್ನೆಯನ್ನು ಆ ತೂತಿಗೆ ಹತ್ತಿರ ಹಿಡಿಯುವುದು.

‘ಬಂತಾ?’

‘ಬಂತು.’

‘ಹೆಂಗ್ ಬಂತು? ಚುಚ್ಚಿದ ಹಂಗಾ, ಸವರಿದ ಹಂಗಾ?’

‘ಚುಚ್ಚಿದ ಹಾಗೆ.’

‘ಹಂಗಾದ್ರೆ ಸರಿ. ಸವರಿದ ಹಂಗೆ ಬಂದ್ರೆ ಅಂಚು ಎದ್ದಿದೆ ಅಂತ.’

ತೂತು ಪರೀಕ್ಷಿಸಲು ಲ್ಯಾಬಿನಲ್ಲಿ ಲಕ್ಷಗಟ್ಟಲೆಯ ಉಪಕರಣವಿದೆ, ಇವರೇನು ಊದುತ್ತಾರೆ ಎಂದು ಮೊದಮೊದಲು ನನಗೆ ಒಳಗೊಳಗೇ ನಗು. ಒಂದು ವಾರದಲ್ಲಿ ನಗು ಇಳಿಯಿತು. ಏಳನೇ ತೂತಿನಲ್ಲಿ ನನ್ನ ಕೆನ್ನೆ ‘ಸವರಿತು’ ಅಂದಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ನಿಜವಾಗಿಯೂ ಒಂದು ಕೂದಲಿನಂಥ ಉಕ್ಕಿನ ಚೂರು ನಿಂತಿತ್ತು.

ಒಂದು ದಿನ ಅವರು, ‘ಅಲ್ಲಮ್ಮ, ಈ ಶಾಕು ಶಾಕು ಅಂತೀರಲ್ಲ, ಅದು ಇರೋದು ಹೆಂಗೆ?’ ಅಂದರು. ಮೂವತ್ತು ವರ್ಷದಿಂದ ಮಾದರಿ ಮಾಡುತ್ತಿದ್ದ ಮನುಷ್ಯನಿಗೆ ಒಬ್ಬರೂ ಅದನ್ನು ಹೇಳಿರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು. ಅವರನ್ನು ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಒಂದು ಸ್ಟೀಲ್ ತಟ್ಟೆ ಮಗುಚಿಟ್ಟು, ನಲ್ಲಿಯನ್ನು ಸಣ್ಣಗೆ ತಿರುಗಿಸಿದೆ. ನೀರು ತಟ್ಟೆಯ ಮೇಲೆ ಬಿದ್ದು ತೆಳ್ಳಗೆ, ಜೋರಾಗಿ ಸುತ್ತಲೂ ಹರಡಿತು; ಒಂದು ಅಂಗೈ ದೂರ ಹೋದ ಮೇಲೆ ತಟ್ಟನೆ ದಪ್ಪಗಾಗಿ, ಬಳೆಯ ಹಾಗೆ ಎದ್ದು ನಿಂತು, ಅಲ್ಲಿಂದಾಚೆ ನಿಧಾನವಾಗಿ ಹರಿಯಿತು. ‘ಆ ಬಳೆ ಇದೆಯಲ್ಲ, ಗಾಳಿಯಲ್ಲಿ ಅಂಥದ್ದೇ ಏಳುತ್ತೆ. ನಾನು ಅದನ್ನ ಆದಷ್ಟು ಆಚೆ ನೂಕಬೇಕು’ ಅಂದೆ. ರುದ್ರಪ್ಪನವರು ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಬೆರಳಿನಿಂದ ಬಳೆಯನ್ನು ಮುಟ್ಟಿ ಕೆಡಿಸಿದರು, ಅದು ಮತ್ತೆ ಕಟ್ಟಿಕೊಂಡಿತು.

‘ಅಂದ್ರೆ ಗೋಡೆ ಯಾರೂ ಕಟ್ಟಿಲ್ಲ. ನೀರೇ ಕಟ್ಕೊಳ್ತಾ ಇದೆ.’

‘ಹೂಂ.’

‘ನಮ್ಮ ರೆಕ್ಕೆ ಮೇಲೂ ಇದನ್ನ ಕಣ್ಣಲ್ಲಿ ನೋಡಬೋದಾ?’

ನೋಡಬಹುದಿತ್ತು. ಸುರಂಗದ ಪಕ್ಕದಲ್ಲಿ ಒಂದು ಗಾಜಿನ ಕಿಟಕಿ ಇದೆ. ದೀಪ ಮತ್ತು ಕನ್ನಡಿಗಳ ಏರ್ಪಾಟಿನಿಂದ, ಕಾದ ಹೆಂಚಿನ ಮೇಲೆ ಗಾಳಿ ನಡುಗುವುದು ಕಾಣುತ್ತದಲ್ಲ, ಹಾಗೆ ಶಾಕು ಒಂದು ಕಪ್ಪು ಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ. ಆದರೆ ರುದ್ರಪ್ಪನವರು ಅಲ್ಲಿಯ ಗೇಟನ್ನು ದಾಟಿರಲಿಲ್ಲ. ಹೊರಗಿನವರನ್ನು ಬಿಡುವುದಿಲ್ಲ. ಅವರ ಕೈಯ ನಲವತ್ತು ಮಾದರಿಗಳು ಒಳಗೆ ಹೋಗಿದ್ದವು, ಅವರು ಮಾತ್ರ ವ್ಯಾನಿನ ಬಾಗಿಲು ಹಾಕಿ ಟಾಟಾ ಮಾಡಿ ವಾಪಸು ಬರುತ್ತಿದ್ದರು. ‘ಮಗಳನ್ನ ಮದುವೆ ಮಾಡಿ ಕಳಿಸಿ, ಅಳಿಯನ ಮನೇನೇ ನೋಡದೆ ಇದ್ದಂಗೆ ಕಣಮ್ಮ’ ಎಂದು ಅವರೇ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥೆ ವಸುಂಧರಾ ಮೇಡಂ. ಶಿಸ್ತಿನ ಹೆಂಗಸು, ನಗೆಯನ್ನೂ ಅಳೆದೇ ಕೊಡುವವರು. ಅವರ ಹಿಂದೆ ಬಿದ್ದು, ಪತ್ರದ ಮೇಲೆ ಪತ್ರ ಕೊಟ್ಟು, ಕೊನೆಗೆ ಭಾದ್ರಪದದ ಹೊತ್ತಿಗೆ ರುದ್ರಪ್ಪನವರಿಗೆ ಒಂದು ದಿನದ ಪಾಸಿಗೆ ಸಹಿ ಹಾಕಿಸಿದೆ. ಸುದ್ದಿ ಹೇಳಿದಾಗ ಅವರು ಕೈಲಿದ್ದ ಡ್ರಿಲ್ಲನ್ನು ಕೆಳಗಿಟ್ಟು, ಮುಖ ಆಚೆ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಮರುದಿನ ಬಿಳಿ ಪಂಚೆಗೆ ಇಸ್ತ್ರಿ ಹಾಕಿಸಿದ್ದೇನೆ ಅಂದರು. ಪಾಸು ಇನ್ನೂ ಐದು ವಾರ ದೂರ ಇತ್ತು.

ಆ ವರ್ಷ ಮಳೆ ಸಂಜೆ ಸಂಜೆಗೆ ಹಿಡಿಯುತ್ತಿತ್ತು. ಬೆಳಿಗ್ಗೆ ಚಿನ್ನದಂಥ ಬಿಸಿಲು, ಮಧ್ಯಾಹ್ನ ಸೆಕೆ, ನಾಲ್ಕು ಹೊಡೆದರೆ ಧೋ ಅಂತ ಸುರಿತ. ಗಾಂಧಿ ಬಜಾರಿನ ಹೂವಿನವರು ಬುಟ್ಟಿಗಳ ಮೇಲೆ ಪ್ಲಾಸ್ಟಿಕ್ ಎಳೆದುಕೊಂಡು ಕೂತಿರುತ್ತಿದ್ದರು. ಮಳೆ ನೀರಿನ ತೇವಕ್ಕೆ ಉಕ್ಕು ಮಂಕಾಗಬಾರದು ಅಂತ ರುದ್ರಪ್ಪನವರು ರೆಕ್ಕೆಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲೆ ತಮ್ಮ ಹಳೆಯ ಸ್ವೆಟರು ಹೊದಿಸುತ್ತಿದ್ದರು. ಯಜಮಾನರು ‘ಜೋಗುಳ ಒಂದು ಬಾಕಿ’ ಎಂದು ರೇಗಿಸುವರು. ಮಹಾಲಯ ಅಮಾವಾಸ್ಯೆ ಕಳೆದ ಹೊತ್ತಿಗೆ ಮೂವತ್ತೂ ತೂತು ಮುಗಿದವು. ವಿಜಯದಶಮಿಯ ಮರುದಿನ ವ್ಯಾನು ಬರುವುದೆಂದು ಗೊತ್ತಾಯಿತು.

ಆಯುಧಪೂಜೆಯ ದಿನ ವರ್ಕ್‌ಶಾಪಿನ ಚೆಂದ ನೋಡಬೇಕಿತ್ತು. ಲೇತಿಗೆ ಬಾಳೆಕಂದು, ಡ್ರಿಲ್ಲಿಗೆ ಸೇವಂತಿಗೆ ಹಾರ, ಉಕ್ಕು ಕಚ್ಚಿ ಹಿಡಿಯುವ ವೈಸಿಗೆ ಮಾವಿನ ಸೊಪ್ಪು. ಪ್ರತಿ ಆಯುಧಕ್ಕೂ ವಿಭೂತಿ, ಕುಂಕುಮ. ಕಡ್ಲೆಪುರಿ, ಬೆಲ್ಲ, ಕೋಸಂಬರಿ. ಬಾಗಿಲಲ್ಲಿ ಕುಂಬಳಕಾಯಿ ಒಡೆದದ್ದಾಯಿತು. ನಾನು ಕುಂಕುಮದ ಬಟ್ಟಲು ಹಿಡಿದು, ‘ಮೇಸ್ತ್ರಿ, ರೆಕ್ಕೆಗೆ?’ ಅಂದೆ.

‘ಉಹೂಂ. ಪೆಟ್ಟಿಗೆಗೆ ಇಟ್ಟಿದೀನಲ್ಲ, ಸಾಕು. ಪೂಜೆ ನಾವು ಹಿಡಿಯೋ ಆಯುಧಕ್ಕೆ. ರೆಕ್ಕೆ ನಮ್ಮದಲ್ಲ ಕಣಮ್ಮ, ಅದು ಗಾಳಿಗೆ ಸೇರಿದ್ದು. ಅದರ ಮೈ ಮುಟ್ಟಬೇಡ.’

ನಾನು ತಲೆಯಾಡಿಸಿದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪರೀಕ್ಷೆಗೆ ಮುಂಚೆ ಮಾತ್ರ ದೇವರನ್ನು ನೆನೆಯುವ ಜಾತಿ ನಮ್ಮದು. ಮೂರು ವರ್ಷದ ಕೆಲಸ, ಎಂಟು ದಿನದ ಸುರಂಗದ ಅವಕಾಶ, ಭಯವೋ ಭಯ. ಎಲ್ಲರೂ ಊಟಕ್ಕೆ ಎಲೆ ಹಾಕುತ್ತಿದ್ದಾಗ ನಾನು ಒಳಗೆ ಹೋಗಿ, ಪೆಟ್ಟಿಗೆ ತೆಗೆದು, ರೆಕ್ಕೆಯ ಅಂಚಿನಲ್ಲಿ, ತೂತುಗಳಿಂದ ದೂರದಲ್ಲೇ, ಒದ್ದೆ ಬೆರಳಿನಿಂದ ಒಂದು ಕುಂಕುಮದ ಬೊಟ್ಟಿಟ್ಟೆ. ಕೈಮುಗಿದೆ. ಬಂದು ಹೊಟ್ಟೆ ತುಂಬ ಉಂಡೆ.

ಇಟ್ಟದ್ದರಿಂದ ಏನೂ ಆಗುತ್ತಿರಲಿಲ್ಲ, ಒರೆಸಿದ್ದೇ ಕೆಟ್ಟಿತು. ವ್ಯಾನು ಬರುವ ದಿನ ಐದು ಗಂಟೆಗೇ ಓಡಿಬಂದು, ಎಣ್ಣೆಬಟ್ಟೆ ತೆಗೆದುಕೊಂಡು, ಒಣಗಿ ಕೂತಿದ್ದ ಬೊಟ್ಟನ್ನು ಆತುರಾತುರವಾಗಿ ಉದ್ದಕ್ಕೆ ಎಳೆದು ಒರೆಸಿದೆ. ನೋಡಲು ಕನ್ನಡಿಯ ಹಾಗೆ ಸ್ವಚ್ಛವಾಯಿತು. ಅಂಚಿನಲ್ಲಿ ಮಾತ್ರ ತುಸು ಕೆಂಪು ಛಾಯೆ ಉಳಿದ ಹಾಗಿತ್ತು. ಪೆಟ್ಟಿಗೆ ಮುಚ್ಚಿದೆ, ಅಷ್ಟರಲ್ಲಿ ರುದ್ರಪ್ಪನವರು ಬಂದರು.

‘ಬಾಮ್ಮ, ಕಟ್ಟೋಕ್ ಮುಂಚೆ ಕೊನೇ ಸಲ ಉಸಿರು ನೋಡಿಬಿಡೋಣ.’

ಪೆಟ್ಟಿಗೆ ತೆಗೆದರೆ ಕೆಂಪು ಕಾಣುತ್ತದೆ, ಮಾತು ಮೀರಿದ್ದು ಗೊತ್ತಾಗುತ್ತದೆ. ಮೂವತ್ತೆರಡು ವರ್ಷದ ಹೆಂಗಸು ನಾನು, ಹಾಲು ಕದ್ದು ಕುಡಿದ ಬೆಕ್ಕಿನ ಹಾಗೆ ನಿಂತಿದ್ದೆ.

‘ನಾನು ಆಗ್ಲೇ ನೋಡ್ಬಿಟ್ಟೆ ಮೇಸ್ತ್ರಿ.’

‘ಒಬ್ಬಳೇ ಹೆಂಗ್ ನೋಡ್ದೆ?’

‘ನಳಿಗೆ ಉದ್ದ ಇದೆಯಲ್ಲ. ಊದಿ, ತೂತಿನ ಮೇಲೆ ಒದ್ದೆ ಬೆರಳು ಹಿಡಿದು ನೋಡ್ದೆ.’

‘ಮೂವತ್ತೂ?’

‘ಮೂವತ್ತೂ.’

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ‘ಜಾಣೆ’ ಅಂದು ಪೆಟ್ಟಿಗೆಗೆ ಹಗ್ಗ ಬಿಗಿದರು.

ಸುರಂಗದಲ್ಲಿ ಕಡಿಮೆ ವೇಗದಿಂದ ಶುರು ಮಾಡಿ ದಿನದಿನಕ್ಕೆ ಏರಿಸುತ್ತಾ ಹೋಗುವುದು ವಾಡಿಕೆ. ಮೂರನೇ ದಿನ, ಇನ್ನೂ ಶಾಕೇ ಏಳಬಾರದಷ್ಟು ವೇಗದಲ್ಲಿ, ಹತ್ತನೇ ತೂತಿನ ಮೇಲೆ ಒತ್ತಡ ತಟ್ಟನೆ ಏರಿದ್ದು ಕಂಡಿತು. ಹಳೆಯ ರೆಕ್ಕೆಗಿಂತಲೂ ಮುಂದೆ, ಹಳೆಯದಕ್ಕಿಂತಲೂ ಮೊದಲೇ. ಆದರೆ ವಸುಂಧರಾ ಮೇಡಂ ಕಿಟಕಿಯ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಯಾವ ಗೆರೆಯೂ ಇರಲಿಲ್ಲ.

‘ಕಿಟಕಿ ಒಂದು ಹೇಳ್ತಿದೆ, ತೂತು ಒಂದು ಹೇಳ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ’ ಅಂದರು. ‘ಮಾಡೆಲ್ ಇಳಿಸಿ.’

ಹತ್ತನೇ ತೂತು ಪೂರ್ತಿ ಮುಚ್ಚಿರಲಿಲ್ಲ, ಅರ್ಧ ಮುಚ್ಚಿತ್ತು. ಪೂರ್ತಿ ಮುಚ್ಚಿದ್ದರೆ ನಮ್ಮ ತಪಾಸಣೆಯಲ್ಲೇ ಸಿಕ್ಕಿಬೀಳುತ್ತಿತ್ತು. ಅರ್ಧ ಮುಚ್ಚಿದ್ದರಿಂದ ನಳಿಗೆಯೊಳಗಿನ ಗಾಳಿ ನಿಧಾನವಾಗಿ ಹೊರಬಿದ್ದು, ಅರ್ಧ ನಿಮಿಷದ ಓಟ ಮುಗಿಯುವವರೆಗೂ ಓಟಕ್ಕೆ ಮುಂಚಿನ ಹೆಚ್ಚಿನ ಒತ್ತಡವನ್ನೇ ತೋರಿಸಿತ್ತು. ಮೇಡಂ ತೆಳುವಾದ ತಂತಿ ಹಾಕಿ ಕೆದಕಿದರು. ತಂತಿಯ ತುದಿಗೆ ಕೆಂಪು ಪುಡಿ ಹತ್ತಿಕೊಂಡು ಬಂತು.

‘ತುಕ್ಕು’ ಅಂದರು ಮೇಡಂ. ‘ಒಳಗೆ ನೀರು ಬಿಟ್ಟಿದ್ದಾರೆ, ಒಣಗಿಸಿಲ್ಲ. ಈ ರುದ್ರಪ್ಪನ ತೂತು ಸುಳ್ಳು ಹೇಳಲ್ಲ ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳ್ತಿದ್ದೆ. ವಯಸ್ಸಾಯ್ತು ಅನ್ಸುತ್ತೆ. ಅವರ ಪಾಸು ಬೇಡ, ಕ್ಯಾನ್ಸಲ್ ಮಾಡಿಸಿ. ಶಾಪಿಗೂ ಹೇಳಿಬಿಡಿ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ನನ್ನ ಹಣೆಯ ಬೊಟ್ಟಿಗೆ ಹೋಯಿತು. ಯಾರೂ ಗಮನಿಸಲಿಲ್ಲ. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕಣ್ಣಾರೆ ನೋಡುತ್ತಾ, ಎತ್ತು ನಾನೇ ಅಂತ ಗೊತ್ತಿದ್ದೂ, ‘ಸರಿ ಮೇಡಂ’ ಅಂದೆ. ಎರಡು ದಿನ ಸುಮ್ಮನಿದ್ದೆ. ಸಾವಿತ್ರಮ್ಮ ಮಾಡಿಕೊಟ್ಟ ಬಿಸಿಬೇಳೆಬಾತನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮೂರನೇ ದಿನ ರೆಕ್ಕೆಯನ್ನು ಶುಚಿ ಮಾಡಿಸಲು ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಲ್ಯಾಬಿನಿಂದ ಸುದ್ದಿ ಬಂದು, ಯಜಮಾನರು ಆಗಲೇ ಮೇಸ್ತ್ರಿಗೆ ವಿಷಯ ಹೇಳಿದ್ದರು. ರುದ್ರಪ್ಪನವರು ತಮ್ಮ ಸಣ್ಣ ಡ್ರಿಲ್ಲುಗಳ ಡಬ್ಬಿಯನ್ನು ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿಡುತ್ತಿದ್ದರು. ದೀಪಾವಳಿಗೆ ಇನ್ನೂ ವಾರವಿತ್ತು.

‘ಬಾಮ್ಮ’ ಅಂದರು. ‘ನಿನ್ನ ಕೆಲಸ ಕೆಡಿಸಿಬಿಟ್ಟೆ. ಎಲ್ಲೋ ನೀರು ಉಳಿದಿದೆ, ನನಗೆ ಕಂಡಿಲ್ಲ. ಕಣ್ಣು ಇಷ್ಟು ಹೋಗಿದೆ ಅಂತ ಗೊತ್ತಿರ್ಲಿಲ್ಲ ನೋಡು. ಹೋದ ವರ್ಷವೇ ಬಿಡಬೇಕಿತ್ತು.’

ಅವರು ಬೈದಿದ್ದರೆ, ಯಾರೋ ಏನೋ ಮಾಡಿದ್ದಾರೆ ಎಂದು ಹಾರಾಡಿದ್ದರೆ, ನಾನು ಇನ್ನೂ ಒಂದು ದಿನ ಬಚಾವಾಗುತ್ತಿದ್ದೆನೇನೋ. ತಪ್ಪನ್ನು ತಮ್ಮ ಕಣ್ಣಿನ ಮೇಲೆ ಹಾಕಿಕೊಂಡು ಕೂತಿದ್ದ ಆ ಮನುಷ್ಯನ ಮುಂದೆ ನನಗೆ ನಿಲ್ಲಲಾಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಎಲ್ಲ ಹೇಳಿಬಿಟ್ಟೆ. ಬೊಟ್ಟಿಟ್ಟದ್ದು, ಒರೆಸಿದ್ದು, ಉಸಿರು ನೋಡದೆ ನೋಡಿದೆ ಅಂದದ್ದು, ಅದು ತುಕ್ಕಲ್ಲ ಕುಂಕುಮ ಅಂತ ಗೊತ್ತಿದ್ದೂ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದು. ಅಳುತ್ತಲೂ ಇದ್ದೆ.

ರುದ್ರಪ್ಪನವರು ತಂತಿಯನ್ನು ಹತ್ತನೇ ತೂತಿನಲ್ಲಿ ತಿರುಗಿಸಿ, ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರು, ಮೂಗಿಗೆ ಹಿಡಿದರು.

‘ಕುಂಕುಮ ಇಟ್ಟಿದ್ದಕ್ಕೆ ನನಗೇನಿಲ್ಲ. ಹೆದರಿಕೆ ಆಗಿತ್ತು, ಇಟ್ರಿ. ಉಸಿರು ನೋಡಿದೀನಿ ಅಂದ್ರಲ್ಲ ಮೇಡಂ. ಮೂವತ್ತೂ ಅಂದ್ರಲ್ಲ.’

ಎರಡೂವರೆ ತಿಂಗಳಲ್ಲಿ ಅವರು ಒಮ್ಮೆಯೂ ನನ್ನನ್ನು ಮೇಡಂ ಎಂದು ಕರೆದಿರಲಿಲ್ಲ. ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ಅವರು ಕೆಲಸಕ್ಕಿಳಿದರು. ಸ್ಪಿರಿಟ್ಟಿನಲ್ಲಿ ಮೂವತ್ತೂ ತೂತು ತೊಳೆದರು. ನಳಿಗೆ ಕೈಗೆತ್ತಿಕೊಂಡು ನನ್ನ ಕಡೆ ನೋಡಿದರು. ನಾನು ಹೋಗಿ ಕೆನ್ನೆ ಹಿಡಿದೆ. ‘ಬಂತಾ?’ ‘ಬಂತು.’ ಹೊರಗೆ ಮಳೆ ಶುರುವಾಗಿತ್ತು. ಮೂವತ್ತು ಸಲ ಅದೊಂದೇ ಮಾತು, ಬೇರೇನೂ ಇಲ್ಲ. ಮುಗಿದ ಮೇಲೆ ‘ಇನ್ನೊಂದು ಸಲ’ ಅಂದರು. ಮತ್ತೆ ಮೂವತ್ತು ಸಲ ನೋಡಿದೆವು.

ಮರುದಿನ ಬೆಳಿಗ್ಗೆ ವಸುಂಧರಾ ಮೇಡಂ ಕೋಣೆಗೆ ಹೋಗಿ ಕುಂಕುಮದ ವಿಷಯವನ್ನೆಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

‘ಮೂರು ದಿನದ ಓಟ ಹಾಳು ಮಾಡಿದ್ರಿ, ಒಬ್ಬರ ಹೆಸರೂ ಹಾಳು ಮಾಡಿದ್ರಿ. ಉಳಿದ ಓಟಗಳಿಗೆ ನೀವು ಒಳಗೆ ಬರೋದು ಬೇಡ. ಲೆಕ್ಕಗಳು ಆಮೇಲೆ ನಿಮ್ಮ ಟೇಬಲ್ಲಿಗೆ ಬರುತ್ತೆ.’

‘ಸರಿ ಮೇಡಂ. ಆದ್ರೆ ಮೇಸ್ತ್ರಿಯವರ ಪಾಸು…’

ಪರದೆಯ ಮುಂದೆ ಇಬ್ಬರು ನಿಲ್ಲುವಷ್ಟೇ ಜಾಗ ಇರುವುದು, ಅವರದೊಂದು, ನನ್ನದೊಂದು.

‘ಬರಲಿ. ನಿಮ್ಮ ಜಾಗ ಖಾಲಿ ಇದೆಯಲ್ಲ, ಅಲ್ಲೇ ನಿಂತ್ಕೊಳ್ಳಲಿ’ ಅಂದರು.

ನಿಜ ಹೇಳಬೇಕೆಂದರೆ ಸಂಕಟವಾಯಿತು. ಮೂರು ವರ್ಷ ಕಾದದ್ದು ಆ ಅರ್ಧ ನಿಮಿಷಕ್ಕಾಗಿ. ಗೆರೆ ಮೂಡುವುದನ್ನು ಬೇರೆ ಯಾರೋ ನೋಡುತ್ತಾರೆ, ನಾನು ಕಾಗದದ ಮೇಲಿನ ಅಂಕಿ ನೋಡಬೇಕು. ಮಾಡಿದ್ದುಣ್ಣೋ ಮಹರಾಯ ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಹೋಗುವುದು ಮೇಸ್ತ್ರಿಯೇ ಅನ್ನುವುದರಲ್ಲಿ ಒಂದು ಸಮಾಧಾನವಿತ್ತು, ಅದೂ ಸುಳ್ಳಲ್ಲ.

ಪೂರ್ಣ ವೇಗದ ಓಟ ನರಕ ಚತುರ್ದಶಿಯ ಹಿಂದಿನ ದಿನ. ನಾನು ರಜೆ ಹಾಕಿ ಶಂಕರಪುರಂನ ಕೋಣೆಯಲ್ಲೇ ಇದ್ದೆ. ಲ್ಯಾಬಿನೊಳಗೆ ಫೋನ್ ಬಿಡುವುದಿಲ್ಲ, ಯಾರೂ ಕರೆಯುವಂತಿರಲಿಲ್ಲ. ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೆ ಹಿಂಡಿದೆ. ಸಾವಿತ್ರಮ್ಮ ನೀರು ತುಂಬುವ ಹಬ್ಬಕ್ಕೆ ಹಂಡೆ ಉಜ್ಜುತ್ತಾ, ‘ಆಸ್ಪತ್ರೆ ಹೊರಗೆ ಕಾಯೋ ಗಂಡನ ಹಾಗೆ ತಿರುಗ್ಬೇಡ, ಕೂತ್ಕೋ’ ಎಂದು ಗದರಿದರು.

ಐದು ಗಂಟೆಗೆ ಗೇಟು ಸದ್ದಾಯಿತು. ರುದ್ರಪ್ಪನವರು. ಇಸ್ತ್ರಿಯ ಬಿಳಿ ಪಂಚೆಗೆ ಮೊಣಕಾಲಿನವರೆಗೆ ಕೆಸರು ಸಿಡಿದಿತ್ತು. ಎರಡು ಬಸ್ಸು ಬದಲಿಸಿ, ಮನೆಗೂ ಹೋಗದೆ ಬಂದಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಜಗಲಿಯ ಕೆಂಪು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಜೇಬಿನಿಂದ ಸೀಮೆಸುಣ್ಣ ತೆಗೆದು, ಒಂದೇ ಎಳೆತಕ್ಕೆ ನನ್ನ ರೆಕ್ಕೆಯ ಆಕಾರ ಬರೆದರು. ಚಪ್ಪಟೆ ಬೆನ್ನು, ಬಾಲದ ಹತ್ತಿರ ಒಳಕ್ಕೆಳೆದ ಹೊಟ್ಟೆ, ಎಲ್ಲ ಹಾಗೇ ಬಂತು. ಆಮೇಲೆ ಬೆನ್ನಿನ ಮೇಲೆ ಚುಕ್ಕಿ ಇಡುತ್ತಾ ಹೋದರು.

‘ಅಲ್ಲಿ ಪರದೆ ಮೇಲೆ ತೂತು ಕಾಣಲ್ಲ. ರೆಕ್ಕೆ ಪಕ್ಕದಿಂದ ಕಪ್ಪಗೆ ಕಾಣುತ್ತೆ ಅಷ್ಟೆ. ಆದ್ರೆ ಯಾವ ತೂತು ಎಲ್ಲಿದೆ ಅಂತ ನನಗೊತ್ತಿಲ್ವಾ?’

ನಾನೂ ಪಕ್ಕದಲ್ಲೇ ನೆಲಕ್ಕೆ ಕೂತೆ.

‘ಮೊದಲು ಏನೂ ಇರ್ಲಿಲ್ಲ. ಆಮೇಲೆ ಮನೆಯೇ ಬಿದ್ದಂಗೆ ಸದ್ದು. ಕಿವಿ ಮುಚ್ಕೊಂಡೆ, ಕಣ್ಣು ಮುಚ್ಲಿಲ್ಲ. ಹನ್ನೆರಡರ ಹತ್ರ ಸಣ್ಣಗೆ ಎದ್ದು, ಹಂಗೇ ಹಿಂದಕ್ಕೆ ಹಿಂದಕ್ಕೆ ನಡ್ಕೊಂಡ್ ಹೋಯ್ತು. ಆ ಮೇಡಂ ನನ್ನ ತೋಳು ಹಿಡ್ಕೊಂಡ್ರು. ಹೋಗಿ ಇಲ್ಲಿ ನಿಂತ್ಕೊಳ್ತು.’

ಇಪ್ಪತ್ತು ಮತ್ತು ಇಪ್ಪತ್ತೊಂದರ ನಡುವೆ ಒಂದು ತೆಳುವಾದ ಗೆರೆ ಎಳೆದರು. ಹಳೆಯ ರೆಕ್ಕೆಯಲ್ಲಿ ಅದು ನಿಲ್ಲುತ್ತಿದ್ದದ್ದು ಹದಿನಾಲ್ಕರಲ್ಲಿ.

‘ಒಂಚೂರು ನಡುಗ್ತಿತ್ತು. ನಮ್ಮ ನಲ್ಲಿ ನೀರಿನ ಬಳೆ ನಡುಗುತ್ತಲ್ಲ, ಅಷ್ಟೇ. ತೆಳ್ಳಗಿತ್ತು.’

ನಾನು ಗೆರೆಯನ್ನೇ ನೋಡುತ್ತಿದ್ದೆ. ಚುಕ್ಕಿಗಳನ್ನು ಎರಡು ಸಲ ಎಣಿಸಿದೆ. ಮೂರು ವರ್ಷ ಬೇಕು ಬೇಕು ಅಂದುಕೊಂಡಿದ್ದು ಕಣ್ಣ ಮುಂದೆ ಬಂದರೂ ನಂಬಲು ಧೈರ್ಯ ಸಾಲಲಿಲ್ಲ. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ.

‘ಮೇಸ್ತ್ರಿ, ಇಪ್ಪತ್ತರ ಆಚೆನೇನಾ? ಸರಿಯಾಗಿ ನೋಡಿದ್ರಾ?’

ರುದ್ರಪ್ಪನವರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಎದ್ದು ನಿಂತರು. ಕೋಪ ಇರಲಿಲ್ಲ ಅವರ ಮುಖದಲ್ಲಿ.

‘ನೋಡದೆ ನೋಡ್ದೆ ಅನ್ನೋನಲ್ಲ ಕಣಮ್ಮ ನಾನು’ ಅಂದರು.